ಮೂವರ ಹೆಸರಿಗೊಂದು ಕಡಲಕಾಗೆ

ನನ್ನ ಹೆಸರಿಗೆ ಒಂದು ಹಕ್ಕಿ ಇತ್ತು. ನಗಬೇಡಿ. ನನ್ನ ಹೆಸರಿಗೆ ಸೈಟಿಲ್ಲ, ಓಡಿಸುವ ಸ್ಕೂಟರು ಅಪ್ಪನ ಹೆಸರಿನಲ್ಲಿದೆ, ರೇಷನ್ ಕಾರ್ಡಿನವರು ‘ಭಾಗ್ಯ’ಳ ಹೊಟ್ಟೆ ಸೀಳುವುದನ್ನು ಮರೆತು ‘ಬಾಗ್ಯ’ ಮಾಡಿ ಕೂರಿಸಿದ್ದಾರೆ. ಹಕ್ಕಿ ಮಾತ್ರ ಶುದ್ಧ ಮಹಾಪ್ರಾಣದಲ್ಲಿ, ‘ಕುಮಾರಿ ಭಾಗ್ಯ, ಹಿರಿಯೂರು’ ಎಂಬ ಹೆಸರಿಗಿತ್ತು. ಮೊನ್ನೆ ಗೋಡೆ ಗಡಿಯಾರಕ್ಕೆ ಸೆಲ್ಲು ಹಾಕಲೆಂದು ಇಳಿಸಿದೆ. ಹಿಂದೆ ಸಿಕ್ಕಿಸಿದ್ದ ಕರೆಂಟು ಬಿಲ್ಲುಗಳ ಜೊತೆ ಆ ದಪ್ಪ ಕಾಗದವೂ ಕಾಲ ಮೇಲೆ ಬಿತ್ತು. ಚಿನ್ನದ ಬಣ್ಣದ ಅಂಚು, ಕೆಳಗೆ ಸೀಲು, ಮೇಲೆ ಕೊಬ್ಬಿದ ಅಕ್ಷರಗಳಲ್ಲಿ ‘ಸಾಂಕೇತಿಕ ದತ್ತು ಸ್ವೀಕಾರ ಪ್ರಮಾಣಪತ್ರ’. ಆರಿಹೋಗಿದೆ ಎಂದುಕೊಂಡಿದ್ದ ಕೋಪ ಮತ್ತೆ ಹೊತ್ತಿಕೊಂಡಿತು.

‘ಸಾಂಕೇತಿಕ’ ಎನ್ನುವ ಪದವನ್ನು ನಾನು ಮೊದಲಿಂದಲೂ ನಂಬುವುದಿಲ್ಲ. ಸಾಂಕೇತಿಕ ಧರಣಿ ಎಂದರೆ ಊಟದ ಹೊತ್ತಿಗೆ ಮುಗಿಯುವ ಧರಣಿ. ಸಾಂಕೇತಿಕ ಉಪವಾಸ ಎಂದರೆ ತಿಂಡಿಗೂ ಊಟಕ್ಕೂ ನಡುವಿನ ಹೊತ್ತು. ನಮ್ಮ ಬೀದಿಯಲ್ಲಿ ಸಾಂಕೇತಿಕವಾಗಿ ನೆಟ್ಟ ಗಿಡಗಳನ್ನು ಅದೇ ಸಂಜೆ ಆಡುಗಳು ನಿಜವಾಗಿ ತಿಂದವು. ಹೀಗಿರುವಾಗ ದತ್ತು ಎಂಬ ಗಂಭೀರ ಪದದ ಹಿಂದೆ ಈ ಪದವನ್ನು ಗಂಟು ಹಾಕಿದವರು ಯಾರು? ಮಗುವನ್ನು ಸಾಂಕೇತಿಕವಾಗಿ ದತ್ತು ತೆಗೆದುಕೊಂಡೆ ಎಂದು ಯಾರಾದರೂ ಹೇಳಲಿ, ಕೇಳಿದವರು ಪೊಲೀಸರನ್ನು ಕರೆಯುತ್ತಾರೆ.

ನಡೆದದ್ದು ಇಷ್ಟು. ಹೋದ ಚಳಿಗಾಲ ಚಿತ್ರದುರ್ಗದ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ವಿಷಯ: ಮೊಬೈಲು ವರವೋ ಶಾಪವೋ. ನಾನು ಸ್ಪರ್ಧಿಯಾಗಿದ್ದಾಗಲೂ ಇದೇ ವಿಷಯ, ಈಗ ತೀರ್ಪು ಕೊಡುವಾಗಲೂ ಇದೇ ವಿಷಯ. ನಡುವೆ ಮೊಬೈಲು ಬದಲಾಯಿತೇ ಹೊರತು ವರವೂ ಶಾಪವೂ ಬದಲಾಗಲಿಲ್ಲ. ನನ್ನ ಎಡಕ್ಕೆ ಹೊಳಲ್ಕೆರೆಯ ನಿವೃತ್ತ ಕನ್ನಡ ಮೇಷ್ಟ್ರು ರುದ್ರಪ್ಪನವರು, ಬಲಕ್ಕೆ ಹೊಸದುರ್ಗದ ವಕೀಲೆ ಶಾಹೀನಾ ಮೇಡಂ. ಮೇಷ್ಟ್ರು ಎಲ್ಲರಿಗೂ ಧಾರಾಳವಾಗಿ ಅಂಕ ಹಾಕುತ್ತಿದ್ದರು. ನಾನು ಕೊಡುತ್ತಿದ್ದದ್ದು ಕಣ್ಣಿಗೆ ಬಿಡುವ ಔಷಧಿಯಂತೆ. ಚೆನ್ನಾಗಿ ಮಾತಾಡುತ್ತಿದ್ದ ಒಬ್ಬ ಹುಡುಗಿ ‘ನಾನು’ ಎಂದು ಶುರು ಮಾಡಿ ‘ನಾವು ಖಂಡಿಸುತ್ತೇವೆ’ ಎಂದು ಮುಗಿಸಿದಳು. ವಚನದೋಷ ಎಂದು ಎರಡು ಅಂಕ ಕಳೆದೆ. ಮೇಷ್ಟ್ರು ಓರೆಗಣ್ಣಿನಲ್ಲಿ ನೋಡಿ, “ಎಷ್ಟು ಜನರ ಪರವಾಗಿ ಬಂದಿದ್ಲೋ ಪಾಪ, ಇರ್ಲಿ ಬಿಡಮ್ಮ” ಎಂದರು. ನಾನು ಬಿಡಲಿಲ್ಲ. ಈ ಎರಡು ಅಂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ತಿರುಗಿ ಬಡಿಯುತ್ತದೆ.

ಕೊನೆಗೆ ಗೌರವ ಸಮರ್ಪಣೆ. ಇಲ್ಲಿ ಒಂದು ಗುಟ್ಟು ಹೇಳಬೇಕು. ನಾನು ಇಂಥ ಸಮಾರಂಭಗಳಿಗೆ ಹೋಗುವುದು ಜ್ಞಾನಪ್ರಸಾರಕ್ಕಲ್ಲ, ಶಾಲಿಗೆ. ನನಗಲ್ಲ, ಜವನಗೊಂಡನಹಳ್ಳಿಯಲ್ಲಿರುವ ನಮ್ಮಜ್ಜಿಗೆ. ವೇದಿಕೆಯ ಮೇಲೆ ನನಗೆ ಹೊದಿಸಿದ ಶಾಲುಗಳೆಲ್ಲ ನೇರ ಅಜ್ಜಿಯ ಟ್ರಂಕಿಗೆ ಹೋಗುತ್ತವೆ. ಅವುಗಳಲ್ಲಿ ಒಂದನ್ನೂ ಅಜ್ಜಿ ಹೊದ್ದಿದ್ದು ನಾನು ನೋಡಿಲ್ಲ. ಬಂದವರಿಗೆ ತೆಗೆದು ತೋರಿಸಿ, “ನಮ್ ಹುಡುಗಿ ಜಗಳ ಆಡಿ ಗೆದ್ದಿದ್ದು” ಎಂದು ಮತ್ತೆ ಮಡಿಸಿಡುತ್ತಾಳೆ. ಚರ್ಚೆಗೂ ಜಗಳಕ್ಕೂ ಇರುವ ವ್ಯತ್ಯಾಸವನ್ನು ನಾನು ಹಲವು ಸಲ ವಿವರಿಸಿದ್ದೇನೆ. ವಿವರಿಸುವಾಗ ಜಗಳವೇ ಆಗಿದೆ.

ಅಂದು ಸಂಘಟಕರು ಮೈಕು ಹಿಡಿದು, “ಹಾರ, ತುರಾಯಿ, ಶಾಲುಗಳ ಹಳೇ ಸಂಪ್ರದಾಯಕ್ಕೆ ವಿದಾಯ ಹೇಳಿ, ಈ ಸಲ ವಿನೂತನವಾಗಿ...” ಎಂದಾಗಲೇ ಶಾಲು ಕೈತಪ್ಪಿತೆಂದು ತಿಳಿಯಿತು. ಮೂವರ ಕೈಗೂ ಒಂದೊಂದು ಲಕೋಟೆ ಬಂತು. ಕರಾವಳಿಯ ಯಾವುದೋ ಪಕ್ಷಿರಕ್ಷಣಾ ಕೇಂದ್ರ. ಮೀನಿನ ಬಲೆಯ ನೂಲಿಗೆ ರೆಕ್ಕೆ ಸಿಕ್ಕಿ ಗಾಯಗೊಂಡಿದ್ದ ಕಡಲಕಾಗೆಯೊಂದನ್ನು ಅವರು ರಕ್ಷಿಸಿದ್ದಾರೆ. ಅದನ್ನು ತೀರ್ಪುಗಾರರ ಹೆಸರಿನಲ್ಲಿ ದತ್ತು ಪಡೆಯಲಾಗಿದೆ. ಪ್ರಮಾಣಪತ್ರದ ಮೇಲೆ ಹಕ್ಕಿಯ ಫೋಟೋ: ಬಿಳಿ ಮೈ, ಬೂದು ರೆಕ್ಕೆ, ಒಂಟಿ ಕಾಲಲ್ಲಿ ನಿಂತು, ನನಗಿಂತ ಕಟುವಾದ ತೀರ್ಪುಗಾರಳಂತೆ ಎದುರಿನವರನ್ನು ದಿಟ್ಟಿಸುತ್ತಿತ್ತು. ಕೆಳಗೆ, ‘ಇಂದಿನಿಂದ ಇದು ನಿಮ್ಮ ಹಕ್ಕಿ. ನಿಮ್ಮಿಷ್ಟದ ಹೆಸರಿಡಿ’ ಎಂದು ಖಾಲಿ ಗೆರೆ. ಮೇಷ್ಟ್ರು ಕುಳಿತಲ್ಲೇ ಪೆನ್ನು ತೆಗೆದು ಮೊಮ್ಮಗಳ ನೆನಪಲ್ಲಿ ‘ಪುಟ್ಟಗೌರಿ’ ಎಂದು ಬರೆದರು. ಶಾಹೀನಾ ಮೇಡಂ ಸ್ವಲ್ಪ ಯೋಚಿಸಿ ‘ಸುಲ್ತಾನಾ’ ಎಂದರು. ನಾನು ಪ್ರತಿಭಟನಾರ್ಥ ಖಾಲಿ ಬಿಟ್ಟೆ.

ಮೆಟ್ಟಿಲು ಇಳಿಯುವಾಗ ಮೂರೂ ಪತ್ರಗಳನ್ನು ಅಕ್ಕಪಕ್ಕ ಹಿಡಿದು ನೋಡಿದೆ. ನೋಡುವುದು ನನ್ನ ಚಾಳಿ. ಫೋಟೋ ಒಂದೇ. ಹೋಗಲಿ, ಹಕ್ಕಿಗಳು ಒಂದೇ ತರಹ ಇರುತ್ತವೆ ಎಂದುಕೊಳ್ಳೋಣ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಾಲುಂಗುರ ಸಂಖ್ಯೆ: ಮೂವತ್ತೇಳು’ ಎಂದಿತ್ತು. ಮೂರರಲ್ಲೂ ಮೂವತ್ತೇಳು.

“ಸರ್, ಮೂರು ಜನಕ್ಕೂ ಒಂದೇ ಹಕ್ಕಿ ಕೊಟ್ಟಿದ್ದಾರೆ!”

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. “ಹೌದಲ್ಲ! ಇರ್ಲಿ ಬಿಡಮ್ಮ, ಒಂದಾದ್ರೂ ಬದುಕ್ಕಳ್ಳಿ.”

“ಇದು ಮೋಸ ಸರ್.”

ಶಾಹೀನಾ ಮೇಡಂ ನಕ್ಕರು. “ಜಂಟಿ ಪಹಣಿ ಇದ್ದಂಗೆ ಅಂದ್ಕಳ್ರಿ. ಪೋಡಿ ಮಾಡ್ಸಿ ಪಾಲು ಹಂಚ್ಕಳಾಕೆ ಬರಲ್ಲ, ಅಷ್ಟೆ. ನಿಮಗೆ ರೆಕ್ಕೆ ಬೇಕೋ ಕಾಲು ಬೇಕೋ?”

ಒಬ್ಬ ಕನ್ನಡ ಮೇಷ್ಟ್ರು, ಒಬ್ಬ ವಕೀಲೆ. ಭಾಷೆ ಮತ್ತು ನ್ಯಾಯ ಎರಡೂ ಕೈಬಿಟ್ಟ ಮೇಲೆ ಪ್ರಜೆ ಎಲ್ಲಿಗೆ ಹೋಗಬೇಕು? ನಾನು ಹಿರಿಯೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಕೇಂದ್ರಕ್ಕೊಂದು ಪತ್ರ ಬರೆದೆ. ಐಮಂಗಲ ದಾಟುವ ಹೊತ್ತಿಗೆ ನಾಲ್ಕು ಪುಟ ಆಗಿತ್ತು.

ಭಾನುವಾರ ಜವನಗೊಂಡನಹಳ್ಳಿಗೆ ಹೋದೆ. ಅಲ್ಲಿ ಅಜ್ಜಿ ಇರುವುದು ನಮ್ಮ ಸೋದರಮಾವನ ಜೊತೆ. ತಿಮ್ಮಣ್ಣ ಮಾವನಿಗೆ ಒಂದಷ್ಟು ಹೊಲ, ಒಂದು ಮಂದೆ ಕುರಿ. ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಗಳು, ರೊಪ್ಪಕ್ಕೆ ಅಂಟಿಕೊಂಡಂತೆ ಮನೆ. ಮಾತು ಕಡಿಮೆ. ನಮ್ಮ ಕುಟುಂಬದಲ್ಲಿ ನನ್ನ ಎದುರು ವಾದ ಮಾಡದ ಏಕೈಕ ಮನುಷ್ಯ ಅವನು. ಹಾಗಾಗಿ ಅವನು ನನ್ನನ್ನು ಒಪ್ಪುತ್ತಾನೆ ಎಂದೇ ನಾನು ತಿಳಿದಿದ್ದೆ.

ಅಜ್ಜಿ ನನ್ನ ಬ್ಯಾಗಿನ ಮೇಲೇ ಕಣ್ಣಿಟ್ಟಿದ್ದಳು. “ಎಲ್ಲೇ ಶಾಲು?”

“ಶಾಲು ಕೊಡ್ಲಿಲ್ಲ ಅಜ್ಜಿ. ಹಕ್ಕಿ ಕೊಟ್ರು.”

“ಹಕ್ಕಿನಾ? ತೆಗಿ, ನೋಡಾಣ.”

“ಇಲ್ಲಿಲ್ಲ. ಸಮುದ್ರದ ಹತ್ರ ಐತೆ.”

“ಮತ್ತೆ ನಿನಗೇನು ಕೊಟ್ರು?”

“ಕಾಗದ.”

ಅಜ್ಜಿ ಕಾಗದವನ್ನು ತಿರುಗಿಸಿ ಮುರುಗಿಸಿ, ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಶಾಲಿನ ನೂಲು ನೋಡುವ ಬೆರಳು ಅದು. “ದಪ್ಪಗೇನೋ ಐತೆ. ಏನು ಬರೆದವ್ರೆ?”

ಓದಿದೆ. ‘ಕಡಲಕಾಗೆಯನ್ನು ದತ್ತು’ ಎನ್ನುವವರೆಗೆ ಬಂದಿದ್ದೆ, ಅಜ್ಜಿ ಎದೆ ಹಿಡಿದುಕೊಂಡಳು.

“ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣಾಕ! ಕಾಗೆನ ದತ್ತು ತಗಂಡ್ಯಾ? ಕಾಗೆ ಅಂದ್ರೆ ನಮ್ ಹಿರೇರು ಕಣೇ. ಎಡೆ ಇಕ್ಕಿದ್ರೆ ಬಂದು ಉಂಡೋಗೋರು. ಅವ್ರು ನಮ್ಮನ್ನ ಕಾಯ್ಬೇಕು. ನೀನು ಅವ್ರನ್ನೇ ಮಗ ಮಾಡ್ಕಂಡು ಬಂದಿದೀಯಲ್ಲೇ!”

“ಇದು ಆ ಕಾಗೆ ಅಲ್ಲ ಅಜ್ಜಿ. ಬೆಳ್ಳಗೈತೆ ನೋಡು.”

“ನಿಮ್ ತಾತನೂ ಬೆಳ್ಳಗಿದ್ದ.”

ಮಾತು ಬದಲಿಸಲು ಮುಂದೆ ಓದಿದೆ: ಕಾಲುಂಗುರ ಸಂಖ್ಯೆ ಮೂವತ್ತೇಳು.

“ಕಾಲುಂಗುರನೂ ಐತಾ?” ಅಜ್ಜಿ ಈಗ ಎದ್ದೇ ಕೂತಳು. “ಹಂಗಾದ್ರೆ ಅದಕ್ಕೆ ಮದುವೆ ಆಗೈತೆ. ಮದುವೆ ಆದದ್ದನ್ನ ದತ್ತು ತಗಳಂಗಿಲ್ಲ ಕಣೇ, ಗಂಡನ ಮನೇರು ಬಿಡಲ್ಲ.” ಮತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ನಿನಗಿಂತ ಮುಂಚೆ ಅದಕ್ಕೇ ಆಯ್ತು” ಎಂದಳು.

ಹಕ್ಕಿಯ ಕಾಲಿಗೆ ಹಾಕಿದ ಗುರುತಿನ ಬಳೆಗೆ ಕಾಲುಂಗುರ ಎಂದು ಕನ್ನಡ ಮಾಡಿದ ಆ ಪುಣ್ಯಾತ್ಮರು ಯಾರೋ, ಅವರ ಮೇಲೂ ನನ್ನ ಪತ್ರದಲ್ಲಿ ಅರ್ಧ ಪುಟ ಇದೆ.

ಅಷ್ಟರಲ್ಲಿ ಮಾವ ಕುರಿ ಹೊಡೆದುಕೊಂಡು ಬಂದ. ರೊಪ್ಪದ ಬಾಗಿಲಿಗೆ ಮುಳ್ಳು ಎಳೆದು, ಮರಿಗಳಿಗೆಂದು ತಂದಿದ್ದ ಸೊಪ್ಪಿನ ಕಟ್ಟು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತ. ನಾನು ಅವನನ್ನು ಸಭಿಕನನ್ನಾಗಿ ಮಾಡಿಕೊಂಡು ಶುರು ಮಾಡಿದೆ. ಒಬ್ಬರ ಹೆಸರಿಗೆ ಒಂದು ಜೀವ ಬಿಡುವುದೆಂದರೆ ಏನು ಎಂದು ಈ ಪಟ್ಟಣದ ಜನಕ್ಕೆ ಗೊತ್ತಾ ಮಾವ? ಗೊತ್ತಾಗಬೇಕಾದರೆ ಇಲ್ಲಿಗೆ ಬರಬೇಕು. ಬಂದು ನಮ್ಮ ಚುಕ್ಕಿಯ ಕಥೆ ಕೇಳಬೇಕು.

ಚುಕ್ಕಿಯ ವಿಷಯ ನಿಮಗೆ ಹೇಳಲಿಲ್ಲ ಅಲ್ಲವೇ? ನಮ್ಮ ಕಡೆ ಕುರಿ ಸಾಕುವ ಮನೆಗಳಲ್ಲಿ ಅಕ್ಕತಂಗಿಯರ ಮಕ್ಕಳ ಹೆಸರಿಗೆ ಮರಿ ಬಿಡುತ್ತಾರೆ. ಮರಿ ಇರುವುದು ಮಾವನ ಮಂದೆಯಲ್ಲೇ, ಮೇಯಿಸುವವನೂ ಅವನೇ. ಆದರೆ ಅದು ಮಗುವಿನದು. ಕಿವಿಯ ಅಂಚಿಗೆ ಆ ಮಗುವಿನ ಗುರುತೆಂದು ಸಣ್ಣ ಕಚ್ಚು ಹಾಕಿ ಅರಿಶಿನ ಮೆತ್ತುತ್ತಾರೆ. ಆಮೇಲೆ ಆ ಮಗುವನ್ನು ಕೇಳದೆ ಆ ಕುರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ನನಗೆ ಎಂಟು ವರ್ಷವಿದ್ದಾಗ ಮಾವ ಒಂದು ಕರಿಮರಿಯನ್ನು ನನ್ನ ತೊಡೆಯ ಮೇಲಿಟ್ಟು, “ನೋಡವ್ವ, ಇದು ನಿಮ್ ಮರಿ” ಎಂದ. ಹಣೆಯ ಮೇಲೆ ಬಿಳಿ ಚುಕ್ಕೆ. ನನ್ನ ಕಣ್ಣೆದುರೇ ಕಿವಿಗೆ ಕಚ್ಚು ಹಾಕಿದ. ಮರಿ ಒಮ್ಮೆ ಅರಚಿತು, ನಾನು ಮೂರು ಸಲ ಅರಚಿದೆ. ಪ್ರತಿ ಬೇಸಿಗೆ ರಜೆಗೂ ಹೋಗಿ, ಕೈಯಲ್ಲಿ ಸೊಪ್ಪು ಹಿಡಿದು “ಚುಕ್ಕೀ” ಎಂದರೆ ಇಡೀ ಮಂದೆಯನ್ನು ಸೀಳಿಕೊಂಡು ಬರುತ್ತಿತ್ತು. ಎಂಥ ತುಂಟಿ ಎಂದರೆ, ಹೋದಾಗಲೆಲ್ಲ ಕಿವಿಯಲ್ಲಿ ಹೊಸ ಗಾಯದ ಗುರುತು ಇರುತ್ತಿತ್ತು. ಒಂದು ಸಲ ಮಾವ “ಜಾಲಿಮುಳ್ಳಿಗೆ ಸಿಕ್ತು ಕಣವ್ವ” ಎಂದ. ಇನ್ನೊಂದು ಸಲ “ನಾಯಿ ಬಾಯಿ ಹಾಕ್ತು” ಎಂದ. ಕೊನೆಕೊನೆಗೆ ಆ ಕಿವಿ ಹುಳ ತಿಂದ ಎಲೆಯ ಹಾಗಿತ್ತು.

ಇನ್ನೊಂದು ನೆನಪು ಇದಕ್ಕಿಂತ ದೊಡ್ಡದು. ನಾನು ಆರನೇ ಕ್ಲಾಸಿನಲ್ಲಿದ್ದೆ. ಮಾವ ಬಸ್ಸು ಹಿಡಿದು ಹಿರಿಯೂರಿಗೆ ಬಂದ. ಹೋಂವರ್ಕ್ ಮಾಡುತ್ತಿದ್ದ ನನ್ನ ಎದುರು ನೆಲದ ಮೇಲೆ ಕೂತು, ದೊಡ್ಡವರ ಹತ್ತಿರ ಕೇಳುವ ಧ್ವನಿಯಲ್ಲಿ, “ವ್ಯಾಪಾರದೋರು ಬಂದವ್ರೆ. ನಿಮ್ ಮರಿ ಕೊಡಾಣಾ?” ಎಂದ. ಅಲ್ಲಿಯವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಜಡೆ ಎರಡು ಹಾಕಲೋ ಒಂದೋ ಎಂದು ಕೂಡ. ನಾನು ಪೆನ್ಸಿಲ್ ಕೆಳಗಿಟ್ಟು “ಬೇಡ” ಎಂದೆ. ಮಾವ “ಸರಿ” ಎಂದು ಎದ್ದು, ಕಾಫಿ ಕುಡಿದು, ವಾಪಸು ಬಸ್ಸಿಗೆ ಹೋದ. ನನ್ನ ಒಂದು ಮಾತಿಗೆ ಒಂದು ಜೀವ ಉಳಿಯಿತು! ವೇದಿಕೆ ಹತ್ತಿ ಮಾತಾಡುವ ಧೈರ್ಯ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಕಾಲೇಜಿನ ಹೆಸರು ಹೇಳುತ್ತೇನೆ. ನಿಜವಾದ ಉತ್ತರ ಚುಕ್ಕಿ. ಅದು ಮುದಿಯಾಗಿ ಸತ್ತಾಗಲೂ ಮಾವ ನನಗೆ ಫೋನ್ ಮಾಡಿ ಹೇಳಿದ್ದ. ನಾನು ಆಗ ಪಿಯುಸಿ. ಎರಡು ದಿನ ಊಟ ಬಿಟ್ಟಿದ್ದೆ, ಸಾಂಕೇತಿಕವಾಗಿ ಅಲ್ಲ.

ಈ ಸಾಕ್ಷ್ಯವನ್ನೆಲ್ಲ ಜಗಲಿಯ ಮೇಲೆ ಮಂಡಿಸಿ, ಧ್ವನಿ ಏರಿಸಿ ಕೊನೆಯ ಬಾಣ ಬಿಟ್ಟೆ. “ಅದು ದತ್ತು ಅಂದ್ರೆ! ಒಂದು ಜೀವಕ್ಕೆ ಒಂದು ಹೆಸರು. ನೀನೇ ಹೇಳು ಮಾವ, ಕುರಿ ಸಾಕಿದೋನು ನೀನು. ಒಂದು ಮರೀನ ಮೂರು ಜನರ ಹೆಸರಿಗೆ ಬಿಡೋದು ನ್ಯಾಯನಾ?”

ಮಾವ ಮಡಿಲಲ್ಲಿದ್ದ ಸೊಪ್ಪಿನ ಕಟ್ಟು ಬಿಚ್ಚಿದ. ಮತ್ತೆ ಕಟ್ಟಿದ. “ಮರಿಗೆ ನೀರಿಟ್ಟಿಲ್ಲ” ಎಂದು ಏಳಹೊರಟ.

“ಎಲ್ಲಿಗೋ ಹೋಗ್ತೀಯ? ಕುಂತ್ಕ” ಎಂದಳು ಅಜ್ಜಿ. ಅವಳ ಭುಜ ಆಗಲೇ ನಗುವಿಗೆ ಕುಲುಕುತ್ತಿತ್ತು. “ಮೂರು ಜನಕ್ಕೆ ಬಿಡಾದು ನ್ಯಾಯನಾ ಅಂತ ಕೇಳ್ತಾವ್ಳೆ. ನಾಕು ಜನಕ್ಕೆ ಬಿಟ್ಟೋನು ನೀನು. ಹೇಳು ಅವಳಿಗೆ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಿವಿ ನೆನಪಾಯಿತು. ನನ್ನದಲ್ಲ, ಚುಕ್ಕಿಯದು. ಮೊದಲ ಬೇಸಿಗೆಗೆ ಒಂದು ಕಚ್ಚು. ಮರುವರ್ಷ ಹೋದಾಗ ಎರಡು ಹೆಚ್ಚಿಗೆ. ನಡುವೆ ದಸರಾ ರಜೆಗೆ ಚಿಕ್ಕಜಾಜೂರಿನ ದೊಡ್ಡಮ್ಮನ ಇಬ್ಬರು ಮಕ್ಕಳು ರೈಲಲ್ಲಿ ಬಂದು ಹೋಗಿದ್ದರು. ಅದರಾಚೆಯ ವರ್ಷ ಇನ್ನೊಂದು; ಹೊರಕೆರೆದೇವಪುರದ ಚಿಕ್ಕಮ್ಮನ ಮಗ ಸಂಕ್ರಾಂತಿಗೆ ಬಂದಿದ್ದ. ಜಾಲಿಮುಳ್ಳು! ನಾಯಿ! ಮೂರು ಪ್ರಮಾಣಪತ್ರಗಳ ಸಣ್ಣ ಅಕ್ಷರವನ್ನು ಮೆಟ್ಟಿಲ ಮೇಲೇ ಹಿಡಿದ ನಾನು, ಕಣ್ಣೆದುರಿಗಿದ್ದ ಒಂದು ಕಿವಿಯನ್ನು ಇಷ್ಟು ವರ್ಷ ಓದಲಿಲ್ಲ.

“ಯಾಕೆ ಮಾವ?”

“ಏನ್ ಮಾಡ್ಲಿ? ಆ ವರ್ಷ ರೋಗ ಬಿತ್ತು. ಒಂದರ ಹಿಂದೆ ಒಂದು ಹೋದವು. ಅದೊಂದು ಉಳೀತು. ನಿಮ್ಮ ನಾಕು ಜನಕ್ಕೂ ಈ ಸಲ ಮರಿ ಬಿಡ್ತೀನಿ ಅಂತ ಮೊದಲೇ ಅಂದಿದ್ದೆ. ಮಾತು ನಾಕು, ಮರಿ ಒಂದು.”

“ಅದಕ್ಕೆ ನಂಗೆ ಸುಳ್ಳು ಹೇಳ್ದೆ. ನೀನು! ಬೇರೆ ಯಾರೇ ಹೇಳಿದ್ರೂ ನಂಗೆ ಬೇಜಾರಿಲ್ಲ.”

“ಏನ್ ಸುಳ್ಳು ಹೇಳ್ದೆ?”

“ನಿನ್ನ ಮರಿ ಅಂದೆ.”

ಮಾವ ತಲೆಯೆತ್ತಿದ. “ನಿನ್ನ ಮರಿ ಅಂತ ಯಾವತ್ತು ಅಂದೀನಿ? ನೆನಪು ಮಾಡ್ಕ. ನಿಮ್ ಮರಿ ಅಂದೆ. ನಾಕು ಜನಕ್ಕೂ ಹಂಗೇ ಅಂದೆ. ನಿಮ್ದೇ ಅಲ್ವಾ?”

ಮಾನ್ಯರೇ, ನಾನು ಅಂತರ ಕಾಲೇಜು, ಅಂತರ ಜಿಲ್ಲೆ ಎಲ್ಲ ಆಡಿದ್ದೇನೆ. ಇಂಥ ಏಟು ತಿಂದಿಲ್ಲ. ನಿಮ್ಮ! ನಮ್ಮ ಸೀಮೆಯಲ್ಲಿ ‘ನನ್ನ’, ‘ನಿನ್ನ’ ಎಂದು ಬಾಯಿ ಬಿಟ್ಟು ಹೇಳುವವರೇ ಇಲ್ಲ. ಒಬ್ಬಳೇ ಮಗಳಿದ್ದರೂ ‘ನಮ್ಮಪ್ಪ’. ಒಂಟಿ ಕೋಣೆಯಲ್ಲಿ ಒಬ್ಬನೇ ಇದ್ದರೂ ‘ನಮ್ಮನೆ’. ‘ನಮ್ ಯಜಮಾನ್ರು’ ಎಂದ ಹೆಂಗಸನ್ನು ಎಷ್ಟು ಜನಕ್ಕೆ ಸೇರಿದವರು ಎಂದು ಯಾರಾದರೂ ಕೇಳುತ್ತಾರೆಯೇ? ನಾನು ಕೇಳಲಿಲ್ಲ. ‘ನಿಮ್ ಮರಿ’ಯನ್ನು ಎಂಟನೇ ವರ್ಷದಲ್ಲೇ ‘ನನ್ನ ಮರಿ’ ಎಂದು ಅನುವಾದಿಸಿಕೊಂಡು ಮಡಿಲಿಗೆ ಹಾಕಿಕೊಂಡೆ. ವಚನದೋಷ ನನ್ನದೇ. ಚಿತ್ರದುರ್ಗದ ಆ ಹುಡುಗಿ ಅಲ್ಲೆಲ್ಲೋ ಕೂತು ನಗುತ್ತಿರಬೇಕು. ಪ್ರಮಾಣಪತ್ರವನ್ನು ಮತ್ತೆ ನೋಡಿದೆ: ‘ಇಂದಿನಿಂದ ಇದು ನಿಮ್ಮ ಹಕ್ಕಿ.’ ಅವರೂ ಕನ್ನಡದಲ್ಲಿ ಸುಳ್ಳು ಹೇಳಿರಲಿಲ್ಲ.

ಆದರೆ ಸೋಲೊಪ್ಪುವುದು ನನ್ನ ಜಾಯಮಾನವಲ್ಲ. 

“ಸರಿ ಮಾವ, ಮಾತು ಉಳಿಸ್ಕೊಂಡೆ. ಆದ್ರೆ ಅದರ ಕಿವಿ? ನಾಲ್ಕು ಜನ ಮಕ್ಕಳ ಮನಸ್ಸು ಖುಷಿ ಮಾಡೋಕೆ ಒಂದು ಮೂಕಪ್ರಾಣಿ ಕಿವೀನ ನಾಲ್ಕು ಸಲ ಕುಯ್ದೆಯಲ್ಲ, ಅದನ್ನ ಯಾರು ಕೇಳಿದ್ರು?” ನಾನು ನಿಜವಾಗಿಯೂ ಸಿಟ್ಟಾಗಿದ್ದೆ. ಈಗಲೂ ಆ ಒಂದು ಅಂಶದಲ್ಲಿ ಸಿಟ್ಟಾಗಿದ್ದೇನೆ. ಉಡುಗೊರೆ ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಖುಷಿ, ಕಚ್ಚು ಮಾತ್ರ ಯಾವಾಗಲೂ ಪ್ರಾಣಿಯ ಕಿವಿಗೆ.

ಮಾವ “ಅದು ತಪ್ಪೇ” ಎಂದ. ಆಮೇಲೆ, “ಕಿವಿ ಹೋಯ್ತು, ತಲೆ ಉಳೀತು” ಎಂದ.

“ಹಂಗಂದ್ರೆ?”

“ವ್ಯಾಪಾರದೋರು ಬಂದಾಗ ನಾಕು ಜನನೂ ಕೇಳ್ದೆ. ಜಾಜೂರಿಗೆ ಹೋಗಿ ಕೇಳ್ದೆ, ದೇವಪುರಕ್ಕೆ ಹೋಗಿ ಕೇಳ್ದೆ. ಮೂರು ಜನ ಕೊಡು ಮಾವ ಅಂದ್ರು. ದೇವಪುರದೋನು ಬ್ಯಾಟು ಬೇಕು ಅಂದ. ಕೊನೆಗೆ ನಿನ್ ಹತ್ರ ಬಂದೆ. ನೀನೊಬ್ಳು ಬ್ಯಾಡ ಅಂದೆ.”

“ಮೂರಕ್ಕೆ ಒಂದು. ಆದ್ರೂ ಕೊಡ್ಲಿಲ್ವಾ?”

“ಒಬ್ರು ಬ್ಯಾಡ ಅಂದ್ರೆ ಬ್ಯಾಡನೇ. ಜೀವ ಅಲ್ವಾ, ಕೈ ಎತ್ಸಾಕೆ ಅದೇನು ಪಂಚಾಯ್ತಿನಾ?” ಸೊಪ್ಪಿನ ಕಟ್ಟು ಎತ್ತಿಕೊಂಡು ಎದ್ದ. “ಒಬ್ರ ಹೆಸರಿಗೆ ಬಿಟ್ಟಿದ್ರೆ, ಆ ಒಬ್ರು ಬ್ಯಾಟು ಕೇಳೋರೇ ಆಗಿದ್ರೆ, ಅವತ್ತೇ ಹೋಗ್ತಿತ್ತು. ನಮ್ ಮಂದೇಲಿ ಮುದಿಯಾಗಿ ಸತ್ತ ಕುರಿ ಅದೊಂದೇ ಕಣವ್ವ.”

ನನ್ನ ಕೋಪ ಆರಿತು ಎಂದು ನೀವು ಭಾವಿಸಿದರೆ ನನ್ನನ್ನು ನೀವು ಅರಿತಿಲ್ಲ. ಅದು ಮಾವನನ್ನು ಬಿಟ್ಟು ಆ ಮೂವರು ಅಣ್ಣತಮ್ಮಂದಿರ ಕಡೆ ತಿರುಗಿತು. ಬ್ಯಾಟು! ನಮ್ಮ ಚುಕ್ಕಿಯನ್ನು ಬ್ಯಾಟಿಗೆ ಮಾರಲು ಹೊರಟವನು ಈಗ ಪ್ರಾಣಿದಯೆಯ ಸ್ಟೇಟಸ್ ಹಾಕುತ್ತಾನೆ. ಅಂದೇ ಫೋನು ಮಾಡಿ ವಿಚಾರಿಸಿದೆ. ಅವನು ಬೇರೆಯದೇ ಅಚ್ಚರಿಯಲ್ಲಿದ್ದ. “ಏ, ಅದು ನಿಂದೂ ಆಗಿತ್ತಾ? ಅದರ ಹೆಸರು ಚುಕ್ಕಿ ಅಲ್ಲ ಕಣೇ, ರಾಜ. ರಾಜ ಅಂದ್ರೆ ಓಡಿ ಬರ್ತಿತ್ತು.” ಹೆಣ್ಣು ಕುರಿಗೆ ರಾಜ! ಸೊಪ್ಪು ಹಿಡಿದವರು ಏನೆಂದು ಕರೆದರೂ ಅದು ಬರುತ್ತಿತ್ತು ಎಂಬ ಸರಳ ಸತ್ಯ ಅಂದು ನನಗೆ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ಒಂದೂವರೆ ತಿಂಗಳು ಕಳೆಯಿತು. ನಾಲ್ಕು ಪುಟದ ಪತ್ರವನ್ನು ತಿದ್ದುತ್ತಲೇ ಇದ್ದೆ, ಕಳಿಸಿರಲಿಲ್ಲ. ‘ನನ್ನ ಹಕ್ಕಿ’ ಎಂದು ಬರೆದಲ್ಲೆಲ್ಲ ಪೆನ್ನು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಫೋನಿಗೆ ಮೆಸೇಜು ಬಂತು. ‘ಸಂತಸದ ಸುದ್ದಿ! ನಿಮ್ಮ ಹಕ್ಕಿ ಸಂಪೂರ್ಣ ಗುಣಮುಖವಾಗಿ ಕಡಲಿಗೆ ಮರಳಿದೆ. ತಮ್ಮ ದತ್ತು ಮತ್ತೊಂದು ಹಕ್ಕಿಗೆ ವರ್ಗಾವಣೆಗೊಳ್ಳಲಿದೆ.’ ಜೊತೆಗೆ ಚಿಕ್ಕ ವಿಡಿಯೋ. ಮರಳಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಮುಚ್ಚಳ ತೆರೆದರು. ಹಕ್ಕಿ ಹೊರಗೆ ಬಂದು, ಕಾಲಿನ ಬಳೆ ಮಿಂಚಿಸುತ್ತ ಮೂರು ಹೆಜ್ಜೆ ನಡೆದು, ಹಾರಿತು. ಹಿಂದಿರುಗಿ ನೋಡಲಿಲ್ಲ. ವಿಡಿಯೋ ಅಲ್ಲಿಗೇ ಮುಗಿಯಿತು. ಮುಂದಿನ ಆಕಾಶವನ್ನಾದರೂ ಸ್ವಲ್ಪ ತೋರಿಸಬಾರದಿತ್ತೇ?

ಹತ್ತು ನಿಮಿಷಕ್ಕೆ ಹೊಳಲ್ಕೆರೆಯಿಂದ ಮೇಷ್ಟ್ರ ಫೋನು. “ಪುಟ್ಟಗೌರಿ ಹೋಯ್ತಂತಲ್ಲಮ್ಮ” ಎಂದರು. ಧ್ವನಿ ಸಣ್ಣಗಿತ್ತು. ‘ಒಂದಾದ್ರೂ ಬದುಕ್ಕಳ್ಳಿ’ ಎಂದಿದ್ದವರು ಅವರೇ. ಬದುಕಿಕೊಂಡಿತು.

ಮಾವನಿಗೆ ಫೋನು ಮಾಡಿ ಹಕ್ಕಿ ಬಿಟ್ಟ ಸುದ್ದಿ ಹೇಳಿದೆ. ಅವನಾದರೂ ಒಳ್ಳೇದಾಯ್ತು ಎನ್ನುತ್ತಾನೆ ಎಂದುಕೊಂಡಿದ್ದೆ.

“ಕೇಳಿದ್ರಾ?” ಎಂದ.

“ಯಾರು ಮಾವ?”

“ಅವ್ರೇ. ಬಿಡಾಕೆ ಮುಂಚೆ ನಿನ್ನ ಕೇಳಿದ್ರಾ?”

“ಇಲ್ಲ. ಬಿಟ್ಟ ಮೇಲೆ ಮೆಸೇಜು ಹಾಕಿದ್ರು.”

“ಮೇಷ್ಟ್ರನ್ನ? ಆ ಲಾಯರಮ್ಮನ್ನ?”

“ಇಲ್ಲ ಮಾವ.”

“ಎಂಥ ಜನನೇ ಅವ್ರು!” ನನ್ನ ಮಾವ ಧ್ವನಿ ಎತ್ತಿದ್ದನ್ನು ಅಂದೇ ಮೊದಲು ಕೇಳಿದ್ದು. “ಹೆಸರಿಗೆ ಬಿಟ್ಟ ಮೇಲೆ ಕೇಳಬ್ಯಾಡ್ವಾ? ಮೂರು ಜನ ಇದ್ರು. ಒಬ್ರನ್ನೂ ಕೇಳದಂಗೆ ಬಾಗ್ಲು ತೆಗೆಯಾದಾ?”

ನಾನು ವಿರುದ್ಧ ಪಕ್ಷಕ್ಕೆ ಹಾರಿದ್ದೇ ನನಗೆ ತಿಳಿಯಲಿಲ್ಲ. “ಮಾವ, ಅದು ಕಾಡುಹಕ್ಕಿ. ಬಿಡೋದಕ್ಕೇ ಅವ್ರು ಸಾಕಿದ್ದು. ಹೋಗಿದ್ದೇ ಒಳ್ಳೇದಲ್ವಾ?”

“ಹೋಗ್ಲಿ! ಬ್ಯಾಡ ಅಂತಿದ್ವಾ? ಕೇಳಿದ್ರೆ ಆಯ್ತು ಬಿಡ್ರಿ ಅಂತಿದ್ವಿ. ಒಂದು ಮಾತು ಹೇಳಿ ಕಳಿಸ್ತಿದ್ವಿ.” ಸ್ವಲ್ಪ ತಡೆದು, “ಅದೇನೋ ಪತ್ರ ಬರಿತೀನಿ ಅಂತಿದ್ದೆಯಲ್ಲ, ಬರಿ. ನಮ್ಮನ್ನ ಕೇಳ್ಲಿಲ್ಲ ಅಂತ ಬರಿ” ಎಂದ.

ಆ ನಾಲ್ಕು ಪುಟ ಹರಿದು ಹಾಕಿ ಹೊಸದಾಗಿ ಬರೆದೆ. ಮೂರೇ ಸಾಲು: ನಮ್ಮನ್ನ ಕೇಳಲಿಲ್ಲ ಎಂದು, ಮಾವನನ್ನೂ ಅಜ್ಜಿಯನ್ನೂ ಸೇರಿಸಿಕೊಂಡೇ. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಬಹುಶಃ ಪ್ರಮಾಣಪತ್ರ ಕೊಟ್ಟದ್ದು ಮೂರು ಜನಕ್ಕೆ, ಈ ‘ನಮ್ಮನ್ನ’ ಎನ್ನುವುದರಲ್ಲಿ ಅಷ್ಟಕ್ಕಿಂತ ಹೆಚ್ಚು ಜನ ಯಾಕಿದ್ದಾರೆ ಎಂದು ಎಣಿಸುತ್ತಿರಬೇಕು. ಎಣಿಸಲಿ.